ಐವತ್ತು ನಿಮಿಷ ತಡ

ಸಂತೆಕಟ್ಟೆಯ ನನ್ನ ಅಂಗಡಿಯಲ್ಲಿ ಗೋಡೆ ತುಂಬ ಗಡಿಯಾರ.
ಯಾವುದನ್ನೂ ಅರೆ ನಿಮಿಷ ಆಚೀಚೆ ಆಗಲು ಬಿಟ್ಟವನಲ್ಲ ನಾನು.
ಹೊಳೆಗೆ ಹೋದದ್ದೂ ಹಾಗೆಯೇ:
ಭಾನುವಾರ ಬೆಳಿಗ್ಗೆ ಆರೂವರೆ, ಕೆಮ್ಮಣ್ಣಿನ ತೂಗುಸೇತುವೆಯ ಕೆಳಗೆ,
ಇಸ್ತ್ರಿಯ ಬಿಳಿ ಅಂಗಿ, ಹೊಸ ತಂಗೂಸು,
ಡಬ್ಬದಲ್ಲಿ ಜೀವದ ಎಟ್ಟಿ.
ನನಗೆ ಕೆಂಬೇರಿ ಬೇಕಿತ್ತು.
ಬೇರೆ ಮೀನು ಪೇಟೆಯಲ್ಲೇ ಉಂಟಲ್ಲ.

ಒಂದು ಭಾನುವಾರ ಸ್ವರ್ಣೆ ದಡ ಮುಟ್ಟ ತುಂಬಿರುತ್ತಿದ್ದಳು,
ಮುಂದಿನ ಭಾನುವಾರ, ಅದೇ ಆರೂವರೆಗೆ,
ಬರೀ ಕೆಸರು, ಏಡಿಯ ತೂತು.
ಬಲೆ ಕೊಡವುತ್ತಿದ್ದ ದೂಮ ಮರಕಾಲರು ನಗಲಿಲ್ಲ.
"ಇದು ದಿನಾ ಐವತ್ತು ನಿಮಿಷ ಹಿಂದೆ ಬೀಳ್ತದೆ ವಾಮನಣ್ಣ.
ರಿಪೇರಿ ಇಲ್ಲ."

ರಶೀದಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಉಂಟು:
ಮೊದಲ ವರ್ಷ ಹೋದ ಗಾಳ ನಲವತ್ತೊಂದು,
ಕೆಸರು ನುಂಗಿದ ಚಪ್ಪಲಿ ಮೂರು, ಮೂರೂ ಎಡಗಾಲಿನದ್ದು.
ಬಂದದ್ದು ಎರಡು ತೇಡೆ. ಒಂದರ ಮುಳ್ಳು ಹೆಬ್ಬೆರಳಿಗೆ.
ಅಂಗಡಿ ಎರಡು ದಿನ ಬಂದ್.

ಕೆಂಬೇರಿಯ ಮನೆ ಕಾಂಡ್ಲದ ಬೇರಿನೊಳಗೆ.
ಬೇರಿಗೆ ಕಲ್ವ ಅಂಟಿರುತ್ತದೆ, ಬ್ಲೇಡಿನ ಅಂಚು.
ಕಚ್ಚಿದ ಮೀನು ನದಿಗೆ ಓಡುವುದಿಲ್ಲ, ಮನೆಗೆ ಓಡುತ್ತದೆ.
ಒಂದು ಟಿಕ್. ಎರಡನೆಯ ಟಿಕ್ಕಿಗೆ
ಕೈಯಲ್ಲಿ ಭಾರವಿಲ್ಲದ ದಾರ.

ಕಲಿತದ್ದು ಒಂದೂ ಸಾಲಾಗಿ ಬರಲಿಲ್ಲ.
ಬಿಳಿ ಅಂಗಿ ನೀರಿಗೂ ಕಾಣುತ್ತದೆ ಎಂದು ಹೊಳೆದದ್ದು
ಮೂರನೆಯ ವರ್ಷ, ಸೇತುವೆಯ ತುದಿಯಿಂದ ಜಲಜ
ನನ್ನ ಗುರುತು ಹಿಡಿದು ಕೈಬೀಸಿದ ದಿನ.
ಇಳಿತದ ಕೊನೆಗೆ ತೋಡಿನ ಬಾಯಲ್ಲಿ ಎಟ್ಟಿ ಸಿಡಿಯುವ ಸದ್ದು
ಕಿವಿಗೆ ಬಿದ್ದದ್ದು ಬಹಳ ತಡವಾಗಿ.
ಅಂಗಡಿಯ ನಲವತ್ತು ಟಿಕ್‌ಟಿಕ್ ಕಿವಿಯಿಂದ ಇಳಿಯಬೇಕಿತ್ತು ಮೊದಲು.

ಮರುವರ್ಷ ಮಳೆಗಾಲ ಅಷ್ಟನ್ನೂ ತೊಳೆದುಕೊಂಡು ಹೋಯಿತು.
ಅಕ್ಟೋಬರಿನಲ್ಲಿ ಹೋದರೆ ತೋಡಿನ ಬಾಯಿ
ಹತ್ತು ಮಾರು ತೆಂಕಕ್ಕೆ ಸರಿದಿದೆ.
ನಾನು ಮತ್ತೆ ಒಂದನೇ ಕ್ಲಾಸು.

ಆರನೆಯ ವರ್ಷ, ಒಂದು ಗುರುವಾರ
(ಭಾನುವಾರ ಬಿಟ್ಟು ಆಗಲೇ ಎಷ್ಟೋ ಕಾಲವಾಗಿತ್ತು)
ಅಂಗಡಿಗೆ 'ಈಗ ಬಂದೆ' ಬೋರ್ಡು ತಗುಲಿಸಿ ಹೋದೆ.
ಮಣಿಗಂಟಿನಲ್ಲಿ ವಾಚಿರಲಿಲ್ಲ.
ನೀರು ನಿಂತಿತು, ಯೋಚಿಸಿತು, ಹೊರಳಿತು.
ಕಚ್ಚುವ ಮೊದಲೇ ಎಳೆದಿದ್ದೆನೋ ಏನೋ, ಗೊತ್ತಿಲ್ಲ.
ಮೀನು ಬೇರಿನ ಕಡೆ ತಲೆ ತಿರುಗಿಸುವಷ್ಟರಲ್ಲಿ
ನಾನು ಹಿಂದಕ್ಕೆ, ಮೊಣಕಾಲು ಕೆಸರಲ್ಲಿ, ಬೆನ್ನು ಕೆಸರಲ್ಲಿ,
ಎದೆಯ ಮೇಲೆ ಎರಡು ಕಿಲೊ ಇಟ್ಟಿಗೆ ಬಣ್ಣದ ಸಿಟ್ಟು.

ಬಿಟ್ಟುಬಿಡಲಿಲ್ಲ. ಸುಳ್ಳೇಕೆ?
ತಲೆಯ ಸಾರನ್ನು ಜಲಜ ಮರುದಿನಕ್ಕೂ ಎತ್ತಿಟ್ಟಳು.

ಆದರೆ ಅದರ ದವಡೆಯಲ್ಲಿ ಇನ್ನೊಂದು ಗಾಳವಿತ್ತು.
ತುಕ್ಕು ಹಿಡಿದದ್ದು, ಸುತ್ತ ಮಾಂಸ ಬೆಳೆದದ್ದು.
ನನ್ನದಲ್ಲ. ನನ್ನ ಗಂಟು ನನಗೆ ಗೊತ್ತು, ಒರಟು.
ಇದು ಏಳು ಸುತ್ತು, ಆಮೇಲೆ ಅಡಿಯಿಂದ ಒಂದು ನುಸುಳು,
ಗೆಣ್ಣೂ ಇಲ್ಲದ ಹಾಗೆ ಬಿಗಿದ ಅಚ್ಚುಕಟ್ಟು.
ಅಂದರೆ ಅದೇ ಬೇರಿನ ಎದುರು, ಬೇರೆ ಯಾವುದೋ ನೀರಿನ ಹೊತ್ತಿಗೆ,
ನನಗಿಂತ ಚೆನ್ನಾಗಿ ಕಲಿತ ಯಾರೋ ನಿಂತು
ಸೋತಿದ್ದಾರೆ.

ಈಗ ಆ ಗಾಳ ಬ್ಯಾಲೆನ್ಸ್ ವೀಲುಗಳ ತಟ್ಟೆಯಲ್ಲಿದೆ.
ಗಿರಾಕಿ ಇಲ್ಲದ ಮಧ್ಯಾಹ್ನ ಕಣ್ಣಿಗೆ ಲೂಪು ಸಿಕ್ಕಿಸಿ
ಚಿಮಟದಿಂದ ಹೊಸ ತಂಗೂಸು ಸುತ್ತುತ್ತೇನೆ.
ಐದರವರೆಗೆ ಬರುತ್ತದೆ. ಆರಕ್ಕೆ ಜಾರುತ್ತದೆ.
ವಾಚು ಬಿಚ್ಚಿ ಕೊಡುವವರ ಬೆರಳು ನೋಡುತ್ತೇನೆ,
ತಂಗೂಸು ಕೊಯ್ದ ಗೆರೆ ಇದೆಯೋ ಎಂದು.
"ಎಂತ ನೋಡ್ತೀರಿ ಮಾರಾಯ್ರೆ?" ಎಂದರೆ
ಬುಧವಾರ ಬನ್ನಿ, ರೆಡಿ ಇರ್ತದೆ, ಎನ್ನುತ್ತೇನೆ.